ಚರಗ ಚೆಲ್ಲದ ಹೊಲ

ಕಚೇರಿಯಲ್ಲಿ ನನಗಾಗಿ ಒಂದು ಮೇಜು ಕಾದು ಕೂತಿತ್ತು. ಕಿಟಕಿಯ ಪಕ್ಕದಲ್ಲಿ, ಫ್ಯಾನಿನ ನೇರ ಕೆಳಗೆ. ನಮ್ಮ ಮೇಲ್ವಿಚಾರಕರು ದಿನಕ್ಕೊಮ್ಮೆಯಾದರೂ ಅದರ ಹತ್ತಿರ ನಿಂತು, ಇಲ್ಲದ ದೂಳನ್ನು ಕರವಸ್ತ್ರದಿಂದ ಒರೆಸಿ, ನನ್ನ ಕಡೆ ನೋಡುತ್ತಿದ್ದರು. ಹೊಲಕ್ಕೆ ಹೋಗಿ ಅಳೆದು ಬರುವವರು ಗಂಡಸರು, ಅವರು ತಂದ ಅಳತೆಯನ್ನು ನಕ್ಷೆಗೆ ಇಳಿಸುವವರು ಹೆಂಗಸರು ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಕೆಟ್ಟ ಮನುಷ್ಯರಲ್ಲ. ನನ್ನನ್ನು ಮಗಳ ಹಾಗೆ ಕಾಣುತ್ತಿದ್ದರು, ತೊಂದರೆ ಇದ್ದದ್ದೇ ಅಲ್ಲಿ. “ಹೊಲದಾಗ ನಿನಗ ಅನುಕೂಲ ಇರೂದಿಲ್ಲ ನೋಡವಾ” ಎನ್ನುತ್ತಿದ್ದರು. ಅನುಕೂಲ ಎಂದರೆ ಏನೆಂದು ಅವರು ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಾನು ಬೆಟಗೇರಿಯ ನೇಕಾರರ ಮನೆಯವಳು. ಅಪ್ಪ ಮಗ್ಗದ ಕುಣಿಯಲ್ಲಿ ಕೂತರೆ ನನಗೆ ಎಳೆ ಎಣಿಸುವ ಕೆಲಸ. ಒಂದು ಎಳೆ ತಪ್ಪಿದರೆ ಸೀರೆಯ ಅಂಚು ಸೊಟ್ಟ ಬರುತ್ತದೆ ಎಂಬುದನ್ನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ಗದುಗಿನಲ್ಲಿ ಡಿಪ್ಲೊಮಾ ಓದಿ, ಪರೀಕ್ಷೆ ಬರೆದು ಸರ್ವೆಯರ್ ಆದೆ. ಆದ ಮೇಲೆ ಯಾರೋ ಮೇಜು ತೋರಿಸಿ ಕೂತ್ಕೋ ಅಂದರೆ ಹೇಗಾಗಬೇಡ? ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆದರೂ ಮೊದಲ ವರ್ಷ ಬಾಯಿ ಬಿಗಿಹಿಡಿದು, ಕೊಟ್ಟ ಸಣ್ಣಪುಟ್ಟ ಅಳತೆಗಳನ್ನು ಮಾಡಿ ಮುಗಿಸಿದೆ. ಹೊಲದಲ್ಲಿ ನಡೆಯುವುದೆಂದರೆ ನನಗೆ ಅಷ್ಟು ಇಷ್ಟ. ಬೆಳಿಗ್ಗೆ ಎರೆಹೊಲದ ಹೆಂಟೆಗಳ ಮೇಲೆ ಸರಪಳಿ ಜಣಜಣ ಎಂದು ಬಿಚ್ಚಿಕೊಳ್ಳುವ ಸದ್ದು ಕೇಳಿದರೆ ಇವತ್ತಿಗೂ ಹೊಟ್ಟೆ ತುಂಬಿದಷ್ಟು ಸಂತೋಷವಾಗುತ್ತದೆ.

ಹಳ್ಳಿಯವರಿಗೆ ನಾನು ಒಗಟು. ಹೆಗಲಿಗೆ ಚೀಲ ಹಾಕಿಕೊಂಡು ಊರಿಗೆ ಬರುವ ಹೆಂಗಸು ಎಂದರೆ ಒಂದೋ ಶಾಲೆಯಲ್ಲಿ ಕಲಿಸುವ ಬಾಯಾರು, ಇಲ್ಲವೇ ಲಸಿಕೆ ಹಾಕುವವರು. ಒಂದು ಊರಿನಲ್ಲಂತೂ ನನ್ನನ್ನು ಕಂಡ ಕೂಡಲೇ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಒಳಗೆ ಓಡಿದ್ದರು.

ಹೀಗಿರುವಾಗ ಶಿರಹಟ್ಟಿ ಕಡೆಯಿಂದ ಮುಂಡರಗಿಗೆ ಹೋಗುವ ದಾರಿಯ ಒಂದು ಹಳ್ಳಿಯ ಹದ್ದುಬಸ್ತು ಪ್ರಕರಣ ನನ್ನ ಪಾಲಿಗೆ ಬಂತು. ಹದ್ದುಬಸ್ತು ಎಂದರೆ ಎರಡು ಹೊಲಗಳ ನಡುವಿನ ಗೆರೆ ಎಲ್ಲಿ ಎಂದು ಅಳೆದು ತೋರಿಸಿ, ಕಲ್ಲು ನೆಡಿಸಿ ಬರುವುದು. ಅಕ್ಕಪಕ್ಕದ ಹೊಲ, ಅಣ್ಣತಮ್ಮಂದಿರ ಮಕ್ಕಳ ಎರಡು ಮನೆ. ಮೂಡಣ ಹೊಲದವನು ತನ್ನ ಕಡೆ ಎಂಟು ಹೆಜ್ಜೆ ಒತ್ತಿದ್ದಾನೆ ಎಂದು ಪಡುವಣ ಹೊಲದವನು ಅರ್ಜಿ ಹಾಕಿದ್ದ. ನನಗಿಂತ ಮೊದಲು ಇಬ್ಬರು ಸರ್ವೆಯರುಗಳು ಅಳೆದಿದ್ದರು. ಇಬ್ಬರೂ ರಸ್ತೆ ಪಕ್ಕದ ಕಲ್ಲನ್ನು ಹಿಡಿದು ಹೊರಟಿದ್ದರು. ರಸ್ತೆ ಅಗಲ ಮಾಡುವಾಗ ಜೆಸಿಬಿ ಆ ಕಲ್ಲನ್ನು ಎರಡು ಸಲ ಕಿತ್ತು, ಪ್ರತಿ ಸಲ ಬೇರೆ ಕಡೆ ಊರಿತ್ತು, ಒಬ್ಬೊಬ್ಬರಿಗೂ ಅದು ಒಂದೊಂದು ಜಾಗದಲ್ಲಿ ಸಿಕ್ಕಿತ್ತು ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಒಬ್ಬರ ಗೆರೆ ಒಂದು ಕಡೆ, ಇನ್ನೊಬ್ಬರದು ಇನ್ನೊಂದು ಕಡೆ ಬಿದ್ದು, ಎರಡು ಮನೆಯವರೂ ಎರಡನ್ನೂ ಒಪ್ಪದೆ, ಮಾತು ಬಿಟ್ಟು, ಈಗ ಮದುವೆ ಮುಂಜಿಗೂ ಹೋಗದಂತಾಗಿತ್ತು.

ಮೇಲ್ವಿಚಾರಕರು ಕಡತವನ್ನು ನನ್ನ ಕೈಗೆ ಕೊಡುವಾಗ ಮಾತು ಸ್ಪಷ್ಟವಾಗಿಯೇ ಆಡಿದರು. ಇದು ಮತ್ತೆ ತಕರಾರಾಗಿ ವಾಪಸು ಬಂದರೆ, ಮರುದಿನದಿಂದ ನಾನು ಕಿಟಕಿಯ ಪಕ್ಕದ ಮೇಜಿನವಳು. ಹೊಲದ ಕೆಲಸ ನನಗಿಲ್ಲ. ಇಬ್ಬರು ಅನುಭವಸ್ಥರು ಸೋತ ಕೆಲಸ ಕೊಟ್ಟು ಹೀಗೆ ಹೇಳುವುದು ಯಾವ ನ್ಯಾಯ ಎಂದು ಕೇಳಬೇಕಿತ್ತು. ಕೇಳಲಿಲ್ಲ. “ಆತು ಸರ್” ಎಂದು ಎದ್ದು ಬಂದೆ. ಬಸ್ಸಿನಲ್ಲಿ ಬೆಟಗೇರಿ ಬರುವವರೆಗೂ ಕಣ್ಣು ಉರಿಯುತ್ತಿತ್ತು.

ನಾವು ಹೋದದ್ದು ಎಳ್ಳಮಾವಾಸ್ಯೆ ಕಳೆದ ಮೂರನೇ ದಿನ. ನಾವು ಎಂದರೆ ನಾನು ಮತ್ತು ಸರಪಳಿ ಹಿಡಿಯುವ ಚಾಚಾ. ಅವರು ಲಕ್ಷ್ಮೇಶ್ವರದವರು, ಸರಪಳಿ ಹಿಡಿದೇ ಗಡ್ಡ ಬೆಳ್ಳಗಾಗಿಸಿಕೊಂಡವರು. ನನ್ನನ್ನು ‘ಬೇಟಿ’ ಎಂದು ಕರೆದರೂ ಅಳತೆ ಕೂಗುವಾಗ ಮಾತ್ರ ‘ಸಾಹೇಬರ’ ಎನ್ನುತ್ತಿದ್ದರು. ಉಪಗ್ರಹ ಹಿಡಿದು ಜಾಗ ತೋರಿಸುವ, ಕೋಲಿನ ಮೇಲೆ ಕೂರುವ ಹೊಸ ಯಂತ್ರವೂ ನಮ್ಮ ಜೊತೆಗಿತ್ತು. ಆದರೆ ಊರವರಿಗೆ ಆ ಕೋಲಿನ ಮೇಲೆ ಅಷ್ಟು ವಿಶ್ವಾಸವಿಲ್ಲ. ಸರಪಳಿ ಕಣ್ಣಿಗೆ ಕಾಣುತ್ತದೆ, ನೆಲಕ್ಕೆ ತಾಗುತ್ತದೆ. ಜಗಳದ ಹೊಲಕ್ಕೆ ಅದೇ ಲೇಸು ಎಂದು ಚಾಚಾ ಹೇಳಿದ್ದರು.

ಹೊಲದಲ್ಲಿ ಕಡಲೆ ಹುಲುಸಾಗಿತ್ತು. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ಸುತ್ತುತ್ತಿದ್ದವು. ಎರಡೂ ಮನೆಯ ಗಂಡಸರು ಬೇವಿನ ಗಿಡದ ಎರಡು ಮಗ್ಗುಲಿಗೆ, ಒಬ್ಬರಿಗೊಬ್ಬರು ಮುಖ ಕೊಡದೆ ನಿಂತಿದ್ದರು. ನಾನು ಈ ಹೊಲಗಳ ಹಳೆಯ ಟಿಪ್ಪಣಿಯ, ಅಂದರೆ ಮೊದಲ ಅಳತೆಯ ದಾಖಲೆಯ, ನಕಲನ್ನು ಹಾಸಿ ಕೂತೆ. ಹಳ್ಳದ ದಂಡೆಯಲ್ಲಿ ಮೂರು ಊರುಗಳ ಸೀಮೆ ಕೂಡುವ ಗಡಿಕಲ್ಲು ಇತ್ತು. ಮೊಣಕಾಲೆತ್ತರದ ಕಲ್ಲು, ಅದರ ಬಗ್ಗೆ ಯಾರಿಗೂ ತಕರಾರಿಲ್ಲ. ಅಲ್ಲಿಂದ ಹದಿನಾಲ್ಕು ಸರಪಳಿ ಆರು ಆಣೆ ದೂರಕ್ಕೆ ಎರಡು ಹೊಲಗಳ ನಡುವೆ ಇನ್ನೊಂದು ಬಾಂದು ಕಲ್ಲು ಇರಬೇಕು ಎಂದು ಟಿಪ್ಪಣಿ ಹೇಳುತ್ತಿತ್ತು. ನಮ್ಮ ಸರಪಳಿ ಮೂವತ್ತಮೂರು ಅಡಿ, ಅದಕ್ಕೆ ಹದಿನಾರು ಆಣೆ. ದೂರವೇನೋ ಗೊತ್ತಿತ್ತು, ದಿಕ್ಕು ಗೊತ್ತಿರಲಿಲ್ಲ. ಆ ಎರಡನೆಯ ಕಲ್ಲು ಸಿಕ್ಕರೆ ಗೆರೆ ಸಿಕ್ಕಂತೆ. ಸಿಗದಿದ್ದರೆ ನಾನೂ ಹಿಂದಿನವರ ಹಾಗೆ ರಸ್ತೆಯ ಕಲ್ಲಿಗೇ ಜೋತುಬೀಳಬೇಕು, ಮತ್ತೆ ತಕರಾರು, ಮತ್ತೆ ಮೇಜು.

ಈಗಿನ ಒಡ್ಡಿನ ಉದ್ದಕ್ಕೂ ಹಾರೆಯಿಂದ ಚುಚ್ಚಿ ಚುಚ್ಚಿ ನೋಡಿದೆವು. ಎರೆಮಣ್ಣು ಕಲ್ಲನ್ನು ಒಳಗೆ ಎಳೆದುಕೊಳ್ಳುವುದುಂಟು, ಆದ್ದರಿಂದ ಮೊಳದಾಳದವರೆಗೆ ಹುಡುಕಿದೆವು. ಸಿಕ್ಕಿದ್ದು ನೇಗಿಲಿನ ಒಂದು ಮುರಿದ ಕುಳ ಮತ್ತು ಯಾರದೋ ಚಪ್ಪಲಿ. ಅಷ್ಟರಲ್ಲಿ ಮೂಡಣ ಹೊಲದೊಳಗೆ, ಒಡ್ಡಿನಿಂದ ಆಚೆ, ಒಂದು ಬನ್ನಿ ಗಿಡದ ಬುಡದಲ್ಲಿ ಐದು ಬಿಳಿ ಕಲ್ಲುಗಳು ಕಂಡವು. ಅಮಾವಾಸ್ಯೆಗೆ ಪೂಜೆ ಮಾಡಿದ ಪಾಂಡವರು. ನಮ್ಮ ಕಡೆ ಆ ದಿನ ಹೊಲದಲ್ಲಿ ಐದು ಕಲ್ಲು ಸಾಲಾಗಿಟ್ಟು, ಸುಣ್ಣ ಬಳಿದು, ಎಡೆ ಹಿಡಿದು, ಆಮೇಲೆ ಹೊಲದ ತುಂಬ ಅನ್ನ, ಕಡುಬು, ಪಲ್ಯ ಎಲ್ಲ ಕಲಸಿದ ಚರಗ ಚೆಲ್ಲುತ್ತಾರೆ. ಸುಣ್ಣ ಇನ್ನೂ ಹೊಳೆಯುತ್ತಿತ್ತು. ಚಾಚಾ ಚಪ್ಪಲಿ ಬಿಟ್ಟು ಸುತ್ತುಹಾಕಿ ನಡೆದರು. ನಾನು ಕೈ ಮುಗಿದೆ, ಕಲ್ಲು ಜಲ್ದಿ ಸಿಗಲಪ್ಪಾ ಎಂದು ಬೇಡಿಕೊಂಡೆ, ಮುಂದೆ ಹೋದೆ.

ನನ್ನ ಜಾಣತನ ನೋಡಿ.

ಮಧ್ಯಾಹ್ನವಾಯಿತು. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ಗಂಡಸರ ಮಾತು ನನಗೆ ಕೇಳಲೆಂದೇ ಸ್ವಲ್ಪ ದೊಡ್ಡದಾಯಿತು. ಈ ಅಕ್ಕಾರಿಂದ ಆಗುವ ಕೆಲಸವಲ್ಲ, ಗಂಡು ಸರ್ವೆಯರನ್ನೇ ಕಳಿಸಿ ಎಂದು ಎರಡೂ ಮನೆ ಕೂಡಿ ಒಂದು ಅರ್ಜಿ ಬರೆಯೋಣ ಎಂದು ಯಾರೋ ಅಂದರು. ಎಷ್ಟೋ ದಿನದಿಂದ ಮಾತು ಬಿಟ್ಟವರು ಅದೊಂದು ವಿಷಯಕ್ಕೆ ತಲೆಯಾಡಿಸಿ ಒಂದಾದರು. ಸಿಟ್ಟು ಬಂದಷ್ಟೇ ನಗೆಯೂ ಬಂತು.

ಅಷ್ಟರಲ್ಲಿ ನನಗೆ ಮೇಲ್ವಿಚಾರಕರು ಹೇಳುತ್ತಿದ್ದ ಅನುಕೂಲದ ಗಳಿಗೆ ಬಂದಿತ್ತು. ಗಂಡಸರಿಗೆ ಒಡ್ಡಿನ ಮರೆ ಸಾಕು. ಹೆಂಗಸಿಗೆ, ಅದೂ ಇಪ್ಪತ್ತು ಗಂಡಸರು ಸುತ್ತ ಇರುವಾಗ, ಮೊಣಕಾಲುದ್ದದ ಕಡಲೆ ಹೊಲದಲ್ಲಿ ಏನಿದೆ? ಈ ಕೆಲಸಕ್ಕೆ ಸೇರಿದಾಗಿನಿಂದ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದೆ, ಆದರೂ ದೇಹ ಕೇಳಬೇಕಲ್ಲ. ಮೂಡಣ ಹೊಲದವರ ಮನೆ ಊರಂಚಿಗೆ, ಹತ್ತು ನಿಮಿಷದ ದಾರಿ. ಸರಪಳಿಯನ್ನು ಚಾಚಾನ ಕೈಗೆ ಕೊಟ್ಟು, ನೀರು ಕುಡಿದು ಬರ್ತೀನಿ ಎಂದು ಹೊರಟೆ. ಹಿಂದಿನಿಂದ ಯಾರೋ ನಕ್ಕದ್ದು ಕೇಳಿಸಿತು. ನಾಚಿಕೆ, ಸಿಟ್ಟು, ಹಸಿವು ಎಲ್ಲ ಸೇರಿ, ಆ ಮೇಜಿನ ಮೇಲೆ ಹೋಗಿ ತಲೆ ಇಟ್ಟು ಮಲಗಿಬಿಡಲೇ ಅನ್ನಿಸಿತು. ಹೌದು, ಒಂದು ಗಳಿಗೆ ಖರೆಯಾಗಿಯೂ ಅನ್ನಿಸಿತು.

ಹಿತ್ತಲಿನಿಂದ ಕೈಕಾಲು ತೊಳೆದು ಬಂದಾಗ ಪಡಸಾಲೆಯಲ್ಲಿ ಒಬ್ಬ ಮುದುಕಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆ ಮನೆಯ ಯಜಮಾನನ ತಾಯಿ. ಅವಳೇ ಕೂಡ್ರಿಸಿ ತಂಬಿಗೆ ನೀರು ಕೊಟ್ಟಳು, ಅಮಾವಾಸ್ಯೆಗೆ ಮಾಡಿ ಉಳಿದಿದ್ದ ಎಳ್ಳು ಹಚ್ಚಿದ ಕಟಕು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಂದಿಟ್ಟಳು. ಯಾರ ಮಗಳು, ಎಷ್ಟು ಓದಿದ್ದಿ, ಬಿಸಿಲಲ್ಲಿ ಯಾಕೆ ತಿರುಗುತ್ತಿ ಎಂದೆಲ್ಲ ವಿಚಾರಿಸಿದಳು. ಹೊಲ ಅಳೆಯುವವಳು ಎಂದಾಗ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. ಹೆಣ್ಣುಮಗಳು ಹೊಲ ಅಳೆಯುತ್ತಾಳೆ ಎಂಬುದು ಅವಳಿಗೆ ವಿಚಿತ್ರ ಅನ್ನಿಸಲಿಲ್ಲ, ಹಿಗ್ಗು ಅನ್ನಿಸಿತು. ಇನ್ನೊಂದು ರೊಟ್ಟಿ ಹಾಕಿದಳು.

ರೊಟ್ಟಿ ತಿನ್ನುತ್ತ ನಾನು ಮಾತಿಗೆಂದು ಚರಗದ ಸುದ್ದಿ ತೆಗೆದೆ. ಸಣ್ಣವಳಿದ್ದಾಗ ಹಿರೇಹಂದಿಗೋಳದ ಸೋದರಮಾವನ ಹೊಲಕ್ಕೆ ಅವ್ವನ ಜೊತೆ ಹೋಗುತ್ತಿದ್ದೆ, ಪಾಂಡವರಿಗೆ ಕಲ್ಲು ಹುಡುಕುವ ಕೆಲಸ ನನ್ನದೇ, ಐದೂ ಒಂದೇ ಅಳತೆಯವು ಸಿಗದಿದ್ದರೆ ಅವ್ವ ಬಯ್ಯುತ್ತಿದ್ದಳು ಎಂದೆ.

ಮುದುಕಿ ನಕ್ಕಳು. “ನಮಗ ನಾಕ ಹುಡುಕಿದ್ರ ಸಾಕವಾ. ಐದನೇದು ಅಲ್ಲೇ ಇರತೈತಿ. ನಾ ಸೊಸಿಯಾಗಿ ಬಂದಾಗಿಂದ ಅದ ಕಲ್ಲು, ಅದ ಜಾಗಾ. ಅದನ್ನ ಅಳ್ಳಾಡಸಾಕ ಬರೂದಿಲ್ಲ ಅಂತ ನಮ್ಮ ಅತ್ತಿ ಹೇಳಿದ್ದಳು.”

ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟೆ. ಯಾಕೆ ಬರುವುದಿಲ್ಲ ಎಂದು ಕೇಳಿದೆ. ಅವಳಿಗೆ ಅದು ಕೇಳುವಂಥ ಮಾತೇ ಅಲ್ಲ. ದೊಡ್ಡ ಕಲ್ಲು, ಕೆಳಗೆ ಆಳಕ್ಕೆ ಹೂತಿದೆ ಎಂದಳು. ಆಮೇಲೆ, ನಾನು ಕೇಳದೆಯೇ, ಇನ್ನೊಂದು ಮಾತು ಸೇರಿಸಿದಳು. ಮದುವೆಯಾದ ವರ್ಷ ಅತ್ತೆ ಅವಳನ್ನು ಆ ಕಲ್ಲಿಗೆ ಬೆನ್ನುಕೊಟ್ಟು ನಿಲ್ಲಿಸಿ, ಮೂಡಣಕ್ಕೆ ಮುಖ ಮಾಡಿಸಿ, ಚರಗ ಇಲ್ಲಿಂದ ಶುರು ಎಂದು ತೋರಿಸಿದ್ದಳಂತೆ. ಕಲ್ಲಿನ ಹಿಂದಕ್ಕೆ ಒಂದು ಅಗುಳೂ ಬೀಳಬಾರದು, ಅದು ಪಡುವಣ ಹೊಲದವರ ಚರಗ, ಅವರು ಚೆಲ್ಲುತ್ತಾರೆ. ಮನೆಯ ಗಂಡಸರು ಚರಗ ಚೆಲ್ಲಲು ನಿಂತಾಗ ಅವಳೂ ಅದನ್ನೇ ಹೇಳುತ್ತ ಬಂದಿದ್ದಳು.

ಈ ಕಲ್ಲಿಗಾಗಿ ನಿಮ್ಮ ಮಗ ಮತ್ತು ಆಚೆ ಮನೆಯವರು ಬಡಿದಾಡುತ್ತಿದ್ದಾರೆ, ನೀವು ಯಾಕೆ ಯಾರಿಗೂ ಹೇಳಲಿಲ್ಲ ಎಂದೆ. ದನಿ ಸ್ವಲ್ಪ ಏರಿತ್ತು. ಅವಳು ಮೊರ ಎತ್ತಿಕೊಂಡು, ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

“ಯಾರ ಕೇಳ್ಯಾರವಾ?”

ಕೇಳಿರಲಿಲ್ಲ, ನಿಜ. ಇಬ್ಬರು ಸರ್ವೆಯರುಗಳು ಬಂದು, ಬೇವಿನ ಗಿಡದ ಕೆಳಗೆ ಗಂಡಸರ ಜೊತೆ ಉಂಡು, ಗಂಡಸರನ್ನೇ ಕೇಳಿ ಹೋಗಿದ್ದರು. ಅವರಿಗೆ ಈ ಮನೆಯ ಹೊಸ್ತಿಲು ದಾಟುವ ಜರೂರತ್ತೇ ಬಿದ್ದಿರಲಿಲ್ಲ. ನನಗೆ ಬಿದ್ದಿತ್ತು.

ಹೇಳಿದರೆ ಮಗನಿಗೆ ನಷ್ಟವಾಗಬಹುದು ಎಂದು ನಾನು ಅವಳಿಗೆ ಮುಚ್ಚಿಡಲಿಲ್ಲ. ಕಲ್ಲು ಅದೇ ಆಗಿದ್ದರೆ ಈಗಿನ ಒಡ್ಡಿನವರೆಗಿನ ಎಂಟು ಹೆಜ್ಜೆ ಆಚೆ ಮನೆಗೆ ಹೋಗುತ್ತದೆ ಎಂದೆ. ಅವಳು ಮೊರದಲ್ಲಿದ್ದ ಜೋಳವನ್ನು ಪೂರ್ತಿ ಹಸನು ಮಾಡಿ ಮುಗಿಸಿದಳು. ಆಮೇಲೆ ಸೆರಗು ತಲೆಗೆ ಎಳೆದುಕೊಂಡು, ಒಂದು ಕೊಡ ನೀರು ತುಂಬಿ ನನ್ನ ಸೊಂಟಕ್ಕೆ ಕೊಟ್ಟು, ಕೋಲು ಹಿಡಿದು ಎದ್ದಳು.

ಹೊಲಕ್ಕೆ ನಾವು ಬಂದ ರೀತಿ ನೋಡಿ ಎಲ್ಲರೂ ಎದ್ದು ನಿಂತರು. ಮುಂದೆ ಮುದುಕಿ, ಹಿಂದೆ ಕೊಡ ಹೊತ್ತ ಸರ್ವೆಯರ್. ಪಾಂಡವರ ಮುಂದೆ ನಿಂತು, ಈ ಕಲ್ಲಿನ ಸುಣ್ಣ ತೆಗೆದು ನೋಡಬೇಕು ಎಂದು ನಾನು ಹೇಳಿದ್ದೇ ತಡ, ಗದ್ದಲವೆದ್ದಿತು. ದೇವರನ್ನು ಮುಟ್ಟುವುದೇ, ಅದೂ ಪೂಜೆಯಾದ ಮೂರು ದಿನಕ್ಕೆ? ಮುದುಕಿ ಚಪ್ಪಲಿ ಬಿಟ್ಟು, ಕೂತು, ಕಲ್ಲಿನ ಮೇಲೆ ನೀರು ಸುರಿದು, ಮನೆಯಿಂದ ತಂದಿದ್ದ ತೆಂಗಿನ ನಾರಿನಿಂದ ತಿಕ್ಕತೊಡಗಿದಳು. ಪ್ರತಿ ವರ್ಷ ಸುಣ್ಣ ಬಳಿದ ಕೈಯೇ ತಿಕ್ಕುವಾಗ ಬೇಡ ಎನ್ನುವವರು ಯಾರು? ಪದರ ಪದರವಾಗಿ ಸುಣ್ಣ ಎದ್ದಿತು. ಒಳಗಿನಿಂದ ಬಂದದ್ದು ಹೊಲದಲ್ಲಿ ಬಿದ್ದಿದ್ದ ದುಂಡು ಕಲ್ಲಲ್ಲ. ನಾಲ್ಕೂ ಮಗ್ಗುಲು ಕಟೆದ ಕಲ್ಲು. ನೆತ್ತಿಯ ಮೇಲೆ ಉಳಿಯಿಂದ ಕೊರೆದ ಎರಡು ಗೀರು, ಅಡ್ಡ ಒಂದು, ಉದ್ದ ಒಂದು, ಸರ್ವೆಯವರ ಗುರುತು.

ಗುರುತು ಸಿಕ್ಕರೆ ಸಾಲದು, ಅಳತೆ ಹೌದು ಅನ್ನಬೇಕು. ಚಾಚಾ ಗಡಿಕಲ್ಲಿನ ಕಡೆ ನಡೆದರು, ನಾನು ಈ ತುದಿ ಹಿಡಿದೆ. ಒಂದೊಂದು ಸರಪಳಿಗೂ ಅವರು ಎಣಿಕೆ ಕೂಗಿದರು, ಎರಡೂ ಮನೆಯಿಂದ ಒಬ್ಬೊಬ್ಬರು ಜೊತೆಗೆ ನಡೆದು ಎಣಿಸಿದರು. ಹದಿನಾಲ್ಕಾಯಿತು. ಕೊನೆಯ ತುಂಡಿನ ಮೇಲೆ ಚಾಚಾ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಎರಡು ಸಲ ನೋಡಿದರು.

“ಆರ ಆಣೆ, ಸಾಹೇಬರ. ಕೂದಲೆಳಿ ಫರಕ್ ಇಲ್ಲ.”

ಕುಣಿದುಬಿಡಬೇಕು ಅನ್ನಿಸಿತು. ಕುಣಿಯಲಿಲ್ಲ, ಸರ್ವೆಯರಲ್ಲವೇ. ಅಳತೆ ಪುಸ್ತಕದಲ್ಲಿ ಬರೆದುಕೊಂಡೆ, ಅಕ್ಷರ ಮಾತ್ರ ಸೊಟ್ಟ ಬಂತು. ಅನುಮಾನ ಉಳಿಯಬಾರದೆಂದು ಆ ಯಂತ್ರದಿಂದಲೂ ನೋಡಿದೆ, ಅದೂ ಅದನ್ನೇ ಹೇಳಿತು.

ಮೂಡಣ ಹೊಲದವನ ಮುಖ ಕಪ್ಪಿಟ್ಟಿತು. ಈ ಕಲ್ಲನ್ನು ಯಾರು ಯಾವಾಗ ಇಲ್ಲಿ ತಂದಿಟ್ಟರೋ ಬಲ್ಲವರು ಯಾರು, ನಾನು ಸಹಿ ಹಾಕುವುದಿಲ್ಲ ಎಂದ. ಅವನು ಸಹಿ ಹಾಕದಿದ್ದರೆ ಮತ್ತೆ ತಕರಾರು, ನನ್ನ ಕೆಲಸ ಅಷ್ಟಕ್ಕೇ ನಿಂತಂತೆ. ತಾಯಿಯ ಕಡೆ ತಿರುಗಿ, ನಿನಗೆ ಯಾಕೆ ಬೇಕಿತ್ತು ಇದೆಲ್ಲ, ಸುಮ್ಮನೆ ಮನೆಗೆ ನಡಿ ಎಂದ. ಮುದುಕಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ನಿಂತಳು.

“ತಮ್ಮಾ, ಮೊನ್ನಿ ಅಮಾಸಿಗೂ ಚರಗ ನೀನ ಚೆಲ್ಲಿದಿ. ಈ ಕಲ್ಲಿನ ಹಿಂದ ಎಂದರ ಒಂದ ತುತ್ತು ಚೆಲ್ಲೀಯೇನು? ನಿಮ್ಮಪ್ಪ ಚೆಲ್ಯಾನೇನು? ಚರಗ ಚೆಲ್ಲದ ಹೊಲ ನಮ್ಮದು ಹೆಂಗ ಆಗತೈತಿ?”

ಅವನ ಕಣ್ಣು ತಾನಾಗಿಯೇ ಕಲ್ಲಿನ ಮೂಡಣಕ್ಕೆ ಹೋಯಿತು. ಮೂರು ದಿನದ ಹಿಂದೆ ಚೆಲ್ಲಿದ ಕಡುಬಿನ ಚೂರು ಅಲ್ಲೊಂದು ಇಲ್ಲೊಂದು ಒಣಗಿ ಬಿದ್ದಿದ್ದವು, ಹಕ್ಕಿಗಳು ಇನ್ನೂ ಆರಿಸುತ್ತಿದ್ದವು. ಪಡುವಣಕ್ಕೆ, ಒಡ್ಡಿನವರೆಗಿನ ಆ ಎಂಟು ಹೆಜ್ಜೆಯಲ್ಲಿ, ಏನೂ ಇರಲಿಲ್ಲ. ಎಲ್ಲರೂ ನೋಡಿದರು.

ಪಂಚನಾಮೆ ಬರೆಯಲು ಕೂತೆ. ಬಾಂದು ಕಲ್ಲು ತೋರಿಸಿದವರು ಎಂದು ಮೊದಲ ಹೆಸರು ಮುದುಕಿಯದೇ ಬರೆದೆ. ಅವಳಿಗೆ ಓದಿ ಹೇಳಿದಾಗ, ಹೊಲದ ಕಾಗದದಲ್ಲಿ ನನ್ನ ಹೆಸರು ಬರುತ್ತದೆಯೇ ಎಂದು ಎರಡೆರಡು ಸಲ ಕೇಳಿದಳು. ಐವತ್ತು ವರ್ಷ ಆ ಹೊಲದಲ್ಲಿ ಕಳೆ ಕಿತ್ತವಳು, ಬುತ್ತಿ ಹೊತ್ತವಳು, ಆ ಹೊಲದ ಒಂದು ಕಾಗದದಲ್ಲೂ ಅವಳ ಹೆಸರು ಇರಲಿಲ್ಲ. ಚಾಚಾ ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿ ತೆರೆದರು. ಅವಳು ಅದನ್ನು ಆಚೆ ಸರಿಸಿ ಪೆನ್ನು ಕೇಳಿದಳು. ಹೆಣ್ಣುಮಕ್ಕಳ ಸಂಘದಲ್ಲಿ ಸಹಿ ಕಲಿತಿದ್ದಳಂತೆ. ಒಂದೊಂದೇ ಅಕ್ಷರ, ತುಟಿ ಕಚ್ಚಿ, ಕಾಗದ ಹರಿಯುವಷ್ಟು ಒತ್ತಿ ಬರೆದಳು. ಅದರ ಕೆಳಗೆ ಪಡುವಣ ಮನೆಯವನು ಬರೆದ. ಕೊನೆಗೆ ಮಗ ಬಂದು, ತಾಯಿಯ ಸಹಿಯನ್ನು ನೋಡಿ, ತನ್ನದನ್ನೂ ಹಾಕಿದ. ಹೊಸ ಕಲ್ಲುಗಳನ್ನು ಹೊರಲು ಎರಡೂ ಮನೆಯವರು ಕೈ ಹಾಕಿದರು, ಮಾತು ಮಾತ್ರ ಅವತ್ತು ಆಡಲಿಲ್ಲ. ಹೊರಡುವಾಗ ಮುದುಕಿ ಉಳಿದ ಸಜ್ಜಿ ರೊಟ್ಟಿಯನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ನನ್ನ ಚೀಲಕ್ಕೆ ತುರುಕಿದಳು.

ಮೇಲ್ಮನವಿಯ ಅವಧಿ ಮುಗಿಯುವವರೆಗೆ ನಾನು ದಿನವೂ ಟಪಾಲು ನೋಡುತ್ತಿದ್ದೆ. ಮೇಲ್ವಿಚಾರಕರೂ ನೋಡುತ್ತಿದ್ದರು, ಮೇಜನ್ನೂ ಒರೆಸುತ್ತಿದ್ದರು. ಯಾವ ತಕರಾರೂ ಬರಲಿಲ್ಲ. ಅವಧಿ ಮುಗಿದ ಮರುದಿನ ನನ್ನನ್ನು ಕರೆದು, ಕಡತ ಬಿಚ್ಚಿಟ್ಟುಕೊಂಡು, ಪಂಚನಾಮೆಯ ಮೊದಲ ಸಹಿಯ ಮೇಲೆ ಬೆರಳಿಟ್ಟರು. ಇಬ್ಬರು ಹಳೆಯ ಸರ್ವೆಯರುಗಳಿಗೆ ಕಾಣದ ಕಲ್ಲು ನಿನಗೆ ಹೇಗೆ ಸಿಕ್ಕಿತು ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

“ಅವರಿಗೆ ಹೊಲದಾಗ ಅನುಕೂಲ ಇತ್ರಿ ಸರ್” ಎಂದೆ. “ನನಗ ಇರಲಿಲ್ಲ. ಅದಕ್ಕ ಮನಿಯೊಳಗ ಹೋದೆ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಆದಾಗ ಕಿವಿ ಕೆಂಪಾದವು. ಆಮೇಲೆ ಕಪಾಟಿನಿಂದ ಇನ್ನೊಂದು ಹದ್ದುಬಸ್ತಿನ ಕಡತ ತೆಗೆದು ನನ್ನ ಮುಂದೆ ಸರಿಸಿದರು, ಜವಾನನನ್ನು ಕರೆದು ಮೂಲೆಯಲ್ಲಿದ್ದ ಪ್ರಿಂಟರನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಡಿಸಿದರು. ಅದು ಇವತ್ತಿಗೂ ಅಲ್ಲೇ ಇದೆ. ಮರುದಿನ ಬೆಳಿಗ್ಗೆ ಮನೆ ಬಿಡುವ ಮುಂಚೆ ನಾನು ಒಂದು ತಂಬಿಗೆ ನೀರನ್ನು ಪೂರ್ತಿ ಕುಡಿದು ಬಸ್ಸು ಹತ್ತಿದೆ.